ಕೈಗೆ ಹತ್ತಿದರೆ ಹತ್ತಲಿ ಬಿಡಿ

ಸ್ವೀಡನ್ನಿನ ಫಾಲೂನ್‌ನಲ್ಲಿ ಹಳೇ ಮರದ ಮನೆ ಕೊಂಡವರು ನನ್ನ ಹತ್ತಿರ ತರುವ ದೂರು ಒಂದೇ: ಗೋಡೆಗೆ ಒರಗಿದರೆ ಬಟ್ಟೆಯೆಲ್ಲ ಕೆಂಪು, ಯಾವುದಾದರೂ ಒಳ್ಳೇ ಪೇಂಟ್ ಹೇಳಿ. ಇರುವುದೇ ಒಳ್ಳೇ ಪೇಂಟ್ ಎಂದರೆ ಯಾರೂ ನಂಬುವುದಿಲ್ಲ.

ಈ ಕೆಂಪು ಅಂಗಡಿಯಿಂದ ಬಂದದ್ದಲ್ಲ, ಗಣಿಯಿಂದ ಬಂದದ್ದು. ಇಲ್ಲಿನ ತಾಮ್ರದ ಗಣಿಯ ಹೆಸರು 1288ರ ಪತ್ರವೊಂದರಲ್ಲೇ ಇದೆ: ಬಿಷಪ್ ಒಬ್ಬರು ಗಣಿಯ ಎಂಟನೇ ಒಂದು ಪಾಲನ್ನು ಮರಳಿ ಪಡೆದ ಲೆಕ್ಕ. ಹದಿನೇಳನೇ ಶತಮಾನದಲ್ಲಿ ಯುರೋಪಿನ ತಾಮ್ರದ ದೊಡ್ಡ ಪಾಲು ಇಲ್ಲಿಂದಲೇ ಹೋಗುತ್ತಿತ್ತು. ಅದಿರು ತೆಗೆದು ಬಿಸಾಡಿದ ಕಲ್ಲು ಗುಡ್ಡವಾಗಿ ಬಿದ್ದು, ಮಳೆ ಗಾಳಿಗೆ ಕರಗಿ ಕಾವಿಮಣ್ಣಾಯಿತು. ಅದನ್ನು ತೊಳೆದು, ಒಣಗಿಸಿ, ಸುಟ್ಟು, ಬೀಸಿದರೆ ಕೆಂಪು ಪುಡಿ. ಆ ಪುಡಿಗೆ ನೀರು, ರೈ ಎಂಬ ಧಾನ್ಯದ ಹಿಟ್ಟು, ಒಂದಿಷ್ಟು ಅನ್ನಭೇದಿ (ಮರ ಕೊಳೆಯದಂತೆ ಕಾಯುವ ಕಬ್ಬಿಣದ ಲವಣ), ಅಗಸೆ ಎಣ್ಣೆ ಹಾಕಿ ಗಂಜಿಯ ಹಾಗೆ ಕುದಿಸುತ್ತಾರೆ. ಮೊದಮೊದಲು ಇದನ್ನು ಬಳಿಸಿಕೊಂಡದ್ದು ದೊಡ್ಡವರು, ಮರದ ಮನೆ ಇಟ್ಟಿಗೆಯ ಮನೆಯಂತೆ ಕಾಣಲಿ ಎಂದು. ಹಳ್ಳಿಯವರ ಕೈಗೆ ಬಂದದ್ದು ಬಹಳ ತಡವಾಗಿ.

ಈಗ ಗಮನವಿಟ್ಟು ಓದಿ, ಏಕೆಂದರೆ ನಾನು ಇದನ್ನು ವರ್ಷಕ್ಕೆ ಹತ್ತು ಸಲ ಹೇಳುತ್ತೇನೆ. ಮರಕ್ಕೆ ನೀರು ಹೋಗಿಯೇ ಹೋಗುತ್ತದೆ. ಬಿರುಕಿನಿಂದ ಹೋಗುತ್ತದೆ, ದಿಮ್ಮಿಯ ತುದಿಯಿಂದ ಹೋಗುತ್ತದೆ, ಮನೆಯೊಳಗಿನ ಉಸಿರಿನಿಂದಲೂ ಹೋಗುತ್ತದೆ. ನಮ್ಮ ಚಿಂತೆ ಹೋದ ನೀರು ಹೊರಗೆ ಬರುತ್ತದೋ ಇಲ್ಲವೋ ಎಂಬುದಷ್ಟೇ. ಗಂಜಿಯ ಬಣ್ಣ ಪೊರೆ ಕಟ್ಟುವುದಿಲ್ಲ, ಪುಡಿಯಾಗಿ ಕೂತಿರುತ್ತದೆ. ಬಿಸಿಲು ಬಂದರೆ ಮರ ಒಣಗುತ್ತದೆ. ಕೈಗೆ ಹತ್ತುವುದೂ ಆ ಕಾರಣಕ್ಕೇ. ಪ್ಲಾಸ್ಟಿಕ್ ಪೇಂಟ್ ಎಂದರೆ ಮರಕ್ಕೆ ರೇನ್‌ಕೋಟ್ ಹಾಕಿ ಗುಂಡಿ ಬಿಗಿದಂತೆ. ಗಂಟು ಇರುವಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟರೂ ಸಾಕು, ನೀರು ಒಳಗೆ, ದಾರಿ ಬಂದ್.

ಎಲ್ಸ್‌ಬೊರ್ಗ್ ಓಣಿಯಲ್ಲಿ ಒಬ್ಬರು ಅಜ್ಜ, ತುಂಬಾ ಪ್ರೀತಿಯ ಮನುಷ್ಯ. ಮೊಮ್ಮಕ್ಕಳ ಬಟ್ಟೆ ಹಾಳಾಗುತ್ತದೆಂದು ಇಡೀ ಮನೆಗೆ ಹೊಳೆಯುವ ಕೆಂಪು ಬಳಿಸಿದ್ದರು. ನಾನು ಹೋದಾಗ ಗೋಡೆ ಕನ್ನಡಿಯ ಹಾಗಿತ್ತು. ಅಡಿ ದಿಮ್ಮಿಗೆ ಸ್ಕ್ರೂಡ್ರೈವರ್ ಒತ್ತಿದೆ. ಸದ್ದಿಲ್ಲದೆ ಹಿಡಿಯವರೆಗೂ ಇಳಿಯಿತು. ಹೊರಗೆಳೆದರೆ ತುದಿಯಲ್ಲಿ ಒದ್ದೆ ಕಾಫಿ ಚರಟದಂಥದ್ದು. ಅಜ್ಜ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಆದರೆ ಬಣ್ಣ ಚೆನ್ನಾಗಿಯೇ ಇದೆಯಲ್ಲ" ಎಂದರು. ಕೋಪ ಬರಬೇಕಿತ್ತು, ನಗು ಬಂತು. ನಾಲ್ಕು ದಿಮ್ಮಿ ಬದಲಾಯಿಸಿದೆವು.

ಹಾಗಂತ ಎಲ್ಲ ಕಡೆಗೂ ಗಂಜಿ ಬಳಿಯಿರಿ ಎನ್ನುತ್ತಿಲ್ಲ. ಗರಗಸದ ಒರಟು ಉಳಿದ ಮರಕ್ಕೆ ಅದು ಸರಿ; ಕೀಸುಳಿ ಹಾಕಿ ನುಣುಪಾದ ಕಿಟಕಿ ಚೌಕಟ್ಟಿಗೆ ಅಗಸೆ ಎಣ್ಣೆಯ ಬಣ್ಣವೇ ಬೇಕು. ಈಗಾಗಲೇ ಪ್ಲಾಸ್ಟಿಕ್ ಬಳಿದಿದ್ದರೆ ಅದರ ಮೇಲೆ ಗಂಜಿ ನಿಲ್ಲದು, ಪೂರ್ತಿ ಕೆರೆಯಬೇಕು. ನಿಮ್ಮ ಮನೆ ನೋಡದೆ ಇದಕ್ಕಿಂತ ಹೆಚ್ಚು ಹೇಳಲಾರೆ. ಗಂಜಿಯ ಗೋಡೆಗಾದರೆ ತಂತಿ ಬ್ರಷ್‌ನಿಂದ ಸಡಿಲ ಪುಡಿ ಉದುರಿಸಿ ಮತ್ತೆ ಬಳಿದರಾಯಿತು. ಅಡಿಪಾಯದಲ್ಲಿ ಕಪ್ಪು ಕಿಟ್ಟದ (ಅದಿರು ಕರಗಿಸಿದಾಗ ಉಳಿದ ಕಸದ) ಕಲ್ಲು ಕಂಡರೆ ದಯವಿಟ್ಟು ಸಿಮೆಂಟ್ ಮೆತ್ತಬೇಡಿ, ಅದೂ ಗಣಿಯದೇ ಕೊಡುಗೆ.

ಅನ್ನಭೇದಿ ಎಂದಾಗ "ವಿಷವಲ್ಲವೇ" ಎಂದು ಹಿಂಜರಿಯುವವರಿಗೆ ಮಾಟ್ಸ್‌ನ ಕತೆ ಹೇಳುತ್ತೇನೆ. ಅಂಥದ್ದೇ ಲವಣ ತುಂಬಿದ ಗಣಿಯ ನೀರಿನಲ್ಲಿ 1719ರಲ್ಲಿ ಒಂದು ಹೆಣ ಸಿಕ್ಕಿತು. ಕೊಳೆತಿರಲೇ ಇಲ್ಲ, ಈಚೆಗೆ ಸತ್ತವನೆಂದೇ ಜನ ತಿಳಿದರು, ಗುರುತು ಮಾತ್ರ ಯಾರಿಗೂ ಸಿಗಲಿಲ್ಲ. ಕೊನೆಗೆ ಒಬ್ಬ ಮುದುಕಿ ಮುಂದೆ ಬಂದಳು. ಅವಳನ್ನು ಮದುವೆಯಾಗಬೇಕಿದ್ದ ಹುಡುಗ, ಮಾಟ್ಸ್ ಇಸ್ರೇಲ್ಸನ್. ಅವನು ಗಣಿಗೆ ಇಳಿದು ಕಾಣೆಯಾದದ್ದು 1677ರಲ್ಲಿ.