ಏಳು ಕುರ್ಚಿ, ಒಂದು ಕಂಪ್ಯೂಟರ್

ಆಡಳಿತವನ್ನು ಯಂತ್ರದ ಕೈಗೆ ಕೊಡಬಹುದೇ ಎಂಬ ಜಗಳ ಎದ್ದಾಗಲೆಲ್ಲ ಚಿಲಿಯ ‘ಸೈಬರ್‌ಸಿನ್’ ಹೆಸರು ಬರುತ್ತದೆ; ಸರ್ಕಾರಿ ಕಾರ್ಖಾನೆಗಳನ್ನು ಕಂಪ್ಯೂಟರ್ ನೆರವಿನಿಂದ ನಡೆಸಲು 1970ರ ದಶಕದ ಆರಂಭದಲ್ಲಿ ಅಲ್ಲಿ ಕೈಗೊಂಡ ಯೋಜನೆ ಅದು. ಕೆಲವರಿಗೆ ಅದು ಕಾರ್ಮಿಕರ ಕನಸು, ಕೆಲವರಿಗೆ ಬೇಹುಗಾರಿಕೆ. ಇಬ್ಬರೂ ತೋರಿಸುವುದು ಒಂದೇ ಫೋಟೊ: ಅಂಕಿಗಳನ್ನು ನೋಡಿ ತೀರ್ಮಾನ ಮಾಡಲೆಂದು ಕಟ್ಟಿದ ಷಟ್ಕೋನದ ಕೋಣೆ, ಅದರಲ್ಲಿ ಏಳು ಬಿಳಿ ತಿರುಗುಕುರ್ಚಿ.

ಯೋಜನೆಯ ಹೆಸರಿನಲ್ಲಿರುವ ‘ಸೈಬರ್’ ಬಂದದ್ದು ಸೈಬರ್ನೆಟಿಕ್ಸ್‌ನಿಂದ, ಅಂದರೆ ಜೀವಿಗಳಲ್ಲೂ ಯಂತ್ರಗಳಲ್ಲೂ ನಿಯಂತ್ರಣ, ಸಂವಹನ ನಡೆಯುವ ಬಗೆಯ ಅಧ್ಯಯನದಿಂದ. ಆ ಪದದ ಬೇರು ಗ್ರೀಕಿನ ಅಂಬಿಗ. 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ಅದನ್ನು ಚಾಲ್ತಿಗೆ ತಂದರು. ಇಪ್ಪತ್ತು ವರ್ಷಗಳಲ್ಲಿ ಅದು ಕಂಪನಿಗಳ ಆಡಳಿತಕ್ಕೂ ಇಳಿಯಿತು.

1970ರಲ್ಲಿ ಚಿಲಿಯಲ್ಲಿ ಅಧಿಕಾರಕ್ಕೆ ಬಂದ ಸಮಾಜವಾದಿ ಅಧ್ಯಕ್ಷ ಸಾಲ್ವಡೋರ್ ಅಯೆಂದೆ ಸರ್ಕಾರ ಕಾರ್ಖಾನೆಗಳನ್ನು ಬಿರುಸಿನಿಂದ ರಾಷ್ಟ್ರೀಕರಿಸಿತು. ನಡೆಸುವುದು ಹೇಗೆಂಬ ಪ್ರಶ್ನೆ ಆಮೇಲೆ ಎದುರಾಯಿತು. 1971ರ ಜುಲೈನಲ್ಲಿ 28 ವರ್ಷದ ಅಧಿಕಾರಿ ಫರ್ನಾಂಡೊ ಫ್ಲೋರೆಸ್, ಸೈಬರ್ನೆಟಿಕ್ಸನ್ನು ಆಡಳಿತಕ್ಕೆ ತಂದ ಇಂಗ್ಲೆಂಡಿನ ಸಲಹೆಗಾರ ಸ್ಟಾಫರ್ಡ್ ಬಿಯರ್‌ಗೆ ನೆರವು ಕೋರಿ ಪತ್ರ ಬರೆದರು. ಬಿಯರ್ ಸಂಸ್ಥೆಯನ್ನು ನರಮಂಡಲದಂತೆ ಕಾಣುತ್ತಿದ್ದರು. ಕಾಲಿಗೆ ಮುಳ್ಳು ಚುಚ್ಚಿದರೆ ಕಾಲು ಹಿಂದೆ ಸರಿಯುವುದಕ್ಕೆ ತಲೆಯ ಅಪ್ಪಣೆ ಬೇಕಿಲ್ಲ. ಹಾಗೆಯೇ ಕಾರ್ಖಾನೆ ತನ್ನ ತೊಂದರೆಯನ್ನು ತಾನೇ ನೀಗಿಸಿಕೊಳ್ಳಬೇಕು. ಗೊತ್ತುಪಡಿಸಿದ ಅವಧಿಯಲ್ಲಿ ಆಗದಿದ್ದರೆ ಮಾತ್ರ ಎಚ್ಚರಿಕೆ ಮೇಲಿನ ಹಂತಕ್ಕೆ ಹೋಗಬೇಕು. ನಮ್ಮ ಕಚೇರಿಗಳಲ್ಲಿ ಕಡತ ಸಾಗುವ ರೀತಿಗೆ ಇದು ತದ್ವಿರುದ್ಧ.

ಇಷ್ಟಕ್ಕೆಲ್ಲ ಮೊದಲಿಗೆ ಸಿಕ್ಕಿದ್ದು ಒಂದೇ ಒಂದು ದೊಡ್ಡ ಕಂಪ್ಯೂಟರ್. ಹಿಂದಿನ ಸರ್ಕಾರ ಕೊಂಡು ಬಳಸದೆ ಬಿಟ್ಟಿದ್ದ ನೂರಾರು ಟೆಲೆಕ್ಸ್ ಯಂತ್ರಗಳು, ಅಂದರೆ ಬೆರಳಚ್ಚಿಸಿದ ಸಂದೇಶವನ್ನು ತಂತಿಯ ಮೂಲಕ ದೂರಕ್ಕೆ ಕಳಿಸುವ ಯಂತ್ರಗಳು, ಕೈಹಿಡಿದವು. ಒಂದೊಂದಾಗಿ ಕಾರ್ಖಾನೆಗಳಿಂದ ಉತ್ಪಾದನೆಯ, ಕಚ್ಚಾವಸ್ತುವಿನ, ಗೈರುಹಾಜರಿಯ ಅಂಕಿಗಳು ರಾಜಧಾನಿ ಸ್ಯಾಂಟಿಯಾಗೊ ಸೇರತೊಡಗಿದವು.

1972ರ ಅಕ್ಟೋಬರಿನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು. ಎಲ್ಲಿ ಇಂಧನವಿದೆ, ಯಾವ ರಸ್ತೆ ತೆರೆದಿದೆ, ಯಾವ ಲಾರಿ ಖಾಲಿ ನಿಂತಿದೆ ಎಂಬ ಸುದ್ದಿ ಹಗಲೂ ರಾತ್ರಿ ಟೆಲೆಕ್ಸ್‌ನಲ್ಲಿ ಹರಿಯಿತು. ಸರ್ಕಾರದ ಜೊತೆಗೆ ಉಳಿದಿದ್ದ ಸುಮಾರು 200 ಲಾರಿಗಳಲ್ಲಿ ಅಗತ್ಯ ಸಾಮಗ್ರಿ ಓಡಾಡಿತು. ಸೈಬರ್‌ಸಿನ್ ನಿಜಕ್ಕೂ ದುಡಿದ ದಿನಗಳೆಂದರೆ ಇವೇ. ದುಡಿದದ್ದು ಹಳೆಯ ಟೆಲೆಕ್ಸ್, ಫೋಟೊದ ಕೋಣೆಯಲ್ಲ. ಕೋಣೆ ಆಗಿನ್ನೂ ಸಿದ್ಧವಾಗಿರಲಿಲ್ಲ. ಸಿದ್ಧವಾದಾಗಲೂ ಅದರ ಪರದೆಗಳಲ್ಲಿ ಮೂಡುತ್ತಿದ್ದ ನಕ್ಷೆಗಳನ್ನು ವಿನ್ಯಾಸಕರು ಕೈಯಲ್ಲೇ ಬರೆಯಬೇಕಿತ್ತು.

ಕಾರ್ಮಿಕರ ಕನಸು ಎನ್ನುವವರು ಒಂದನ್ನು ಮರೆಯುತ್ತಾರೆ. ಕಾರ್ಖಾನೆ ನಡೆಯುವ ಬಗೆಯನ್ನು ತೋರಿಸುವ ಮಾದರಿಯನ್ನು ಕಾರ್ಮಿಕರೇ ರಚಿಸಬೇಕೆಂಬುದು ಬಿಯರ್ ಆಸೆ; ಎಂಜಿನಿಯರುಗಳು ಹೆಚ್ಚಾಗಿ ಮಾತಾಡಿಸಿದ್ದು ವ್ಯವಸ್ಥಾಪಕರನ್ನು. ಬೇಹುಗಾರಿಕೆ ಎನ್ನುವವರಿಗೆ, ದಿನಕ್ಕೆ ಹತ್ತಾರು ಅಂಕಿ ಕಳಿಸುವ ಟೆಲೆಕ್ಸ್ ಯಾರ ಮೇಲೆ ಕಣ್ಣಿಡಬಲ್ಲದು ಎಂದು ಕೇಳಬಹುದು.

ಕೋಣೆಯನ್ನು ಅಧ್ಯಕ್ಷರ ಅರಮನೆಗೆ ಸ್ಥಳಾಂತರಿಸಬೇಕೆಂಬ ಸೂಚನೆ 1973ರ ಸೆಪ್ಟೆಂಬರ್ 8ರಂದು ಬಂತು. 11ರಂದು ಸೇನೆ ದಂಗೆಯೆದ್ದು ಅರಮನೆಯ ಮೇಲೆ ಬಾಂಬು ಬಿತ್ತು.