ಎರಡು ಅಡಿ ಅಕ್ವೇರಿಯಂನ ಕರೆಂಟ್ ಲೆಕ್ಕ: ಹೀಟರ್ ತಿಂಗಳಿಗೆ ಎಷ್ಟು ಯೂನಿಟ್ ತಿನ್ನುತ್ತದೆ?

ಏಂಜೆಲ್, ಬೆಟ್ಟಾ, ನಿಯಾನ್ ಟೆಟ್ರಾ ಥರದ ಬೆಚ್ಚನೆ ನೀರಿನ ಮೀನು ಸಾಕುತ್ತೇವೆ ಅಂದ ಕೂಡಲೇ ಮನೆಯಲ್ಲಿ ಬರುವ ಮೊದಲ ಪ್ರಶ್ನೆ, "ಕರೆಂಟ್ ಬಿಲ್ ಎಷ್ಟು ಏರುತ್ತೆ?" ಅಂಗಡಿಯಲ್ಲಿ ಕೇಳಿದರೆ "ಏನೂ ಜಾಸ್ತಿ ಬರಲ್ಲ" ಅನ್ನುತ್ತಾರೆ. ಹೀಟರ್ ಡಬ್ಬದ ಮೇಲಿನ ವಾಟ್ ನೋಡಿ ಗುಣಿಸಿದರೆ ಎದೆ ಧಸಕ್ ಅನ್ನುವಂಥ ಮೊತ್ತ ಬರುತ್ತದೆ. ಇವೆರಡರ ನಡುವೆ ನಿಜ ಎಲ್ಲಿದೆ ಅಂತ ಹುಡುಕುತ್ತಾ ಕಲಿತದ್ದನ್ನು, ತಲೆಯಲ್ಲಿ ಹಸಿಯಾಗಿರುವಾಗಲೇ ಇಲ್ಲಿ ಬರೆದಿಡುತ್ತಿದ್ದೇನೆ. ಹೊಸದಾಗಿ ಟ್ಯಾಂಕ್ ಇಡುವವರಿಗೆ ಉಪಯೋಗವಾಗಲಿ.

ಲೆಕ್ಕಕ್ಕೆ ಹಿಡಿದಿರುವುದು ಬೆಂಗಳೂರಿನ ಮನೆಯಲ್ಲಿರುವ ನನ್ನ ಟ್ಯಾಂಕ್. 60 ಸೆಂ.ಮೀ. ಉದ್ದ, 30 ಅಗಲ, ನೀರಿನ ಆಳ 30. ಅಂದರೆ 54 ಲೀಟರ್. ಮೇಲೆ ಗಾಜಿನ ಮುಚ್ಚಳ, ಒಳಗೆ ಸ್ಪಾಂಜ್ ಫಿಲ್ಟರ್, ಅದಕ್ಕೆ ಹೊರಗೆ ಇಟ್ಟ 4 ವಾಟ್‌ನ ಏರ್ ಪಂಪ್, 12 ವಾಟ್‌ನ ಎಲ್‌ಇಡಿ ಲೈಟ್, 100 ವಾಟ್ ಹೀಟರ್.

ಮೊದಲು 0.72

ಒಂದು ವಾಟ್‌ನ ಸಾಧನ ದಿನದ 24 ಗಂಟೆ, ತಿಂಗಳ 30 ದಿನ ಓಡಿದರೆ 720 ವಾಟ್-ಗಂಟೆ, ಅಂದರೆ 0.72 ಯೂನಿಟ್. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು. ಹಗಲೂ ರಾತ್ರಿ ಓಡುವ ಯಾವುದೇ ಸಾಧನದ ವಾಟ್ ಅನ್ನು 0.72ರಿಂದ ಗುಣಿಸಿ, ತಿಂಗಳ ಯೂನಿಟ್ ಸಿಕ್ಕಿತು.

ಏರ್ ಪಂಪ್: 4 × 0.72 = 2.9 ಯೂನಿಟ್. ಲೈಟ್ ದಿನಕ್ಕೆ 8 ಗಂಟೆ ಮಾತ್ರ ಉರಿಯುವುದರಿಂದ ಅದರ ಸರಾಸರಿ 12ರ ಮೂರನೇ ಒಂದು ಭಾಗ, ಅಂದರೆ 4 ವಾಟ್. ಅದೂ 2.9 ಯೂನಿಟ್. ಎರಡೂ ಸೇರಿ ಆರು ಯೂನಿಟ್ ಒಳಗೇ ಮುಗಿಯಿತು.

ರೂಪಾಯಿ ಲೆಕ್ಕಕ್ಕೆ ನಾನು ಯೂನಿಟ್‌ಗೆ 7 ರೂಪಾಯಿ ಹಿಡಿಯುತ್ತೇನೆ. 2025–26ರಲ್ಲಿ ನಮ್ಮ ರಾಜ್ಯದಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ 5.80 ರೂಪಾಯಿ. ಅದರ ಮೇಲೆ ವಿದ್ಯುತ್ ಕಂಪನಿ ನೌಕರರ ಪಿಂಚಣಿ ಬಾಬ್ತಿನ 36 ಪೈಸೆ, ಶೇ 9ರ ತೆರಿಗೆ. ಎಲ್ಲಾ ಕೂಡಿದರೆ 6.70ರ ಹತ್ತಿರ ಬರುತ್ತದೆ. ಮೇಲೆ ಚೂರು ಸೇರಿಸಿ 7 ಮಾಡಿಕೊಂಡರೆ 0.72 × 7 = 5. ಸದಾ ಓಡುವ ಪ್ರತಿ ವಾಟ್‌ಗೆ ತಿಂಗಳಿಗೆ ಐದು ರೂಪಾಯಿ! ಪಂಪ್ ಕೊಳ್ಳುವಾಗ ಇದು ತುಂಬಾ ಕೆಲಸಕ್ಕೆ ಬರುತ್ತದೆ. 5 ವಾಟ್‌ನದು ಸಾಕಾಗುವ ಕಡೆ 15 ವಾಟ್‌ನ ಫಿಲ್ಟರ್ ತಂದರೆ ತಿಂಗಳಿಗೆ 50, ವರ್ಷಕ್ಕೆ 600 ರೂಪಾಯಿ ಹೆಚ್ಚು.

ಹೀಟರ್: ಎಲ್ಲರೂ ತಡವರಿಸುವ ಜಾಗ

ಇದೇ ಸೂತ್ರವನ್ನು ಹೀಟರ್‌ಗೆ ಹಾಕಿ ನೋಡಿ. 100 × 0.72 = 72 ಯೂನಿಟ್, ತಿಂಗಳಿಗೆ 500 ರೂಪಾಯಿ. ಇಷ್ಟು ನೋಡಿಯೇ ಎಷ್ಟೋ ಜನ ಹೀಟರ್ ಆಸೆ ಬಿಟ್ಟು, ಚಳಿಗಾಲದಲ್ಲಿ ಮೀನುಗಳನ್ನು ತಣ್ಣೀರಿನಲ್ಲೇ ಇಡುತ್ತಾರೆ. ಆಮೇಲೆ ಮೈಮೇಲೆ ಬಿಳಿ ಚುಕ್ಕಿ ಬಂತು ಅಂತ ಔಷಧಿಗೆ ಓಡಾಟ.

72 ಯೂನಿಟ್ ಬರುವುದು ಹೀಟರ್ ಒಂದು ಕ್ಷಣವೂ ಆರದೆ ತಿಂಗಳಿಡೀ ಉರಿದರೆ ಮಾತ್ರ. ಹೀಟರ್ ಒಳಗೆ ಥರ್ಮೋಸ್ಟಾಟ್ ಇರುತ್ತದೆ. ನೀರು 26 ಡಿಗ್ರಿ ಮುಟ್ಟಿದಾಗ ಆರುತ್ತದೆ, ಚೂರು ಇಳಿದಾಗ ಮತ್ತೆ ಹತ್ತುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಮುಂದಿನ ಹೆಜ್ಜೆಯೇ ಕಷ್ಟ. ಹಾಗಾದರೆ 50 ವಾಟ್ ಹೀಟರ್ ಹಾಕಿದರೆ ಬಿಲ್ ಅರ್ಧವಾಗುತ್ತದೆಯೇ?

ಆಗುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನ್ನ ತಲೆ ಬಹಳ ಹೊತ್ತು ತಕರಾರು ಮಾಡಿತು, ಆದ್ದರಿಂದ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಮನೆಯ ಮೇಲಿನ ಓವರ್‌ಹೆಡ್ ಟ್ಯಾಂಕ್‌ನಲ್ಲಿ ಸಣ್ಣದೊಂದು ಸೋರಿಕೆ ಇದೆ ಅಂದುಕೊಳ್ಳಿ. ಸಂಪಿನಿಂದ ನೀರೆತ್ತಲು ಆಟೋಮ್ಯಾಟಿಕ್ ಮೋಟಾರ್ ಇದೆ. ಸೋರಿಕೆ ದಿನಕ್ಕೆ ನೂರು ಲೀಟರ್ ಆದರೆ ಮೋಟಾರ್ ದಿನಕ್ಕೆ ನೂರು ಲೀಟರ್ ಎತ್ತಲೇಬೇಕು. ಅರ್ಧ ಎಚ್‌ಪಿ ಮೋಟಾರ್ ಹೆಚ್ಚು ಹೊತ್ತು ಓಡುತ್ತದೆ, ಒಂದು ಎಚ್‌ಪಿಯದು ಬೇಗ ತುಂಬಿಸಿ ಸುಮ್ಮನಾಗುತ್ತದೆ. ಎತ್ತಿದ ನೀರು ಎರಡರಲ್ಲೂ ಅಷ್ಟೇ, ಯಾಕೆಂದರೆ ಅದನ್ನು ನಿರ್ಧರಿಸುವುದು ಸೋರಿಕೆ.

ಅಕ್ವೇರಿಯಂನಲ್ಲಿ ಸೋರುವುದು ಬಿಸಿ. ಗಾಜಿನ ಗೋಡೆಗಳಿಂದ, ಮೇಲ್ಮೈಯಿಂದ, ತಳದಿಂದ ಅದು ಕೋಣೆಗೆ ಹೋಗುತ್ತಲೇ ಇರುತ್ತದೆ. ಈ ಸೋರಿಕೆ ಸರಾಸರಿ 24 ವಾಟ್ ಆದರೆ 50 ವಾಟ್ ಹೀಟರ್ ಹೆಚ್ಚುಕಡಿಮೆ ಅರ್ಧ ಹೊತ್ತು ಉರಿಯುತ್ತದೆ, 100 ವಾಟ್‌ನದು ಕಾಲು ಭಾಗ ಹೊತ್ತು. ತಿಂಗಳ ಯೂನಿಟ್ ಎರಡಕ್ಕೂ 24 × 0.72 = 17.3. ಆದ್ದರಿಂದ ಲೆಕ್ಕ ಹಾಕುವಾಗ ಹೀಟರ್ ಡಬ್ಬವನ್ನು ಪಕ್ಕಕ್ಕಿಟ್ಟು, "ನನ್ನ ಟ್ಯಾಂಕ್‌ನಿಂದ ಎಷ್ಟು ವಾಟ್ ಸೋರುತ್ತಿದೆ?" ಅಂತ ಕೇಳಬೇಕು. ಹೀಟರ್ ವಾಟ್ ಮುಖ್ಯವಾಗುವುದು ಒಂದೇ ಕಡೆ: ಅತಿ ಚಳಿಯ ರಾತ್ರಿಯ ಸೋರಿಕೆಗಿಂತ ಅದು ಹೆಚ್ಚಿರಬೇಕು. ಇಲ್ಲದಿದ್ದರೆ ಸತತವಾಗಿ ಉರಿದರೂ ನೀರು ತಣ್ಣಗಾಗುತ್ತಾ ಹೋಗುತ್ತದೆ.

ಸೋರಿಕೆ ಅಳೆಯುವುದು ಹೇಗೆ

ಈ ಭಾಗ ನನಗೆ ತುಂಬಾ ಇಷ್ಟ. ಬೇಕಾಗುವುದು ದಶಮಾಂಶ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಮತ್ತು ಎರಡು ಗಂಟೆ ಸಮಯ.

ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು 4.186 ಕಿಲೋಜೂಲ್ ಬೇಕು. ಒಂದು ವಾಟ್-ಗಂಟೆ ಅಂದರೆ 3.6 ಕಿಲೋಜೂಲ್. ಭಾಗಿಸಿದರೆ 1.163. ಅಂದರೆ ಒಂದು ಲೀಟರ್ ಒಂದು ಡಿಗ್ರಿ ಏರಲು 1.163 ವಾಟ್-ಗಂಟೆ ಬೇಕು, ಇಳಿಯುವಾಗ ಅಷ್ಟೇ ಹೊರಗೆ ಹೋಗುತ್ತದೆ. ಹೀಟರ್ ಆರಿಸಿ, ಗಂಟೆಗೆ ಎಷ್ಟು ಡಿಗ್ರಿ ಇಳಿಯಿತು ಅಂತ ನೋಡಿದರೆ ಸೋರಿಕೆ ಸಿಕ್ಕಿಬಿಡುತ್ತದೆ:

ಸೋರಿಕೆ (ವಾಟ್) = ಲೀಟರ್ × ಗಂಟೆಗೆ ಇಳಿದ ಡಿಗ್ರಿ × 1.163

ರಾತ್ರಿ ಲೈಟ್ ಆರಿದ ಮೇಲೆ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಮಾಡಬೇಕು. ಹೀಟರ್ ಪ್ಲಗ್ ತೆಗೆದರೆ ಸಾಕು, ಹೀಟರ್ ನೀರಲ್ಲೇ ಇರಲಿ. ಬಿಸಿ ಇರುವಾಗ ಹೊರಗೆಳೆದರೆ ಗಾಜು ಸೀಳಬಹುದು. ಮೀನುಗಳು ಆರೋಗ್ಯವಾಗಿದ್ದಾಗ ಮಾತ್ರ ಮಾಡಿ. ನೀರು ಒಂದು ಡಿಗ್ರಿ ಇಳಿಯುವ ಮುಂಚೆಯೇ ನಿಲ್ಲಿಸಿ, ಪ್ಲಗ್ ಮತ್ತೆ ಹಾಕಲು ಮರೆಯಬೇಡಿ.

ನನ್ನ ಟ್ಯಾಂಕಿನಲ್ಲಿ ಕೋಣೆ 22 ಡಿಗ್ರಿ ಇದ್ದಾಗ, ನೀರು ಎರಡು ಗಂಟೆಯಲ್ಲಿ 26ರಿಂದ 25.3ಕ್ಕೆ ಇಳಿಯಿತು. ಗಂಟೆಗೆ 0.35.

54 × 0.35 × 1.163 = 22 ವಾಟ್.

ಇಲ್ಲಿಗೆ ನಿಲ್ಲಿಸಬೇಡಿ. ಈ 22 ವಾಟ್ ಆ ರಾತ್ರಿಯ ಮಟ್ಟಿಗೆ ಮಾತ್ರ ನಿಜ. ಸೋರಿಕೆ ನಿಂತಿರುವುದು ನೀರಿಗೂ ಕೋಣೆಗೂ ಇರುವ ವ್ಯತ್ಯಾಸದ ಮೇಲೆ. ಆ ಎರಡು ಗಂಟೆಯಲ್ಲಿ ನೀರು ಸರಾಸರಿ 25.65, ಕೋಣೆ 22, ವ್ಯತ್ಯಾಸ 3.65. 22 ÷ 3.65 = 6. ಅಂದರೆ ನನ್ನ ಟ್ಯಾಂಕ್ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 6 ವಾಟ್ ಕಳೆದುಕೊಳ್ಳುತ್ತದೆ. ಜಲ್ಲಿಕಲ್ಲು, ಗಾಜು ಕೂಡ ಬಿಸಿ ಹಿಡಿದಿರುವುದರಿಂದ ನಿಜವಾದ ಅಂಕಿ ಚೂರು ಹೆಚ್ಚೇ ಇರುತ್ತದೆ, ಮನೆಯ ಲೆಕ್ಕಕ್ಕೆ ಇಷ್ಟು ಸಾಕು. ಮುಚ್ಚಳ ಬದಲಿಸುವವರೆಗೆ, ಟ್ಯಾಂಕಿನ ಜಾಗ ಬದಲಿಸುವವರೆಗೆ ಈ 6 ಬದಲಾಗುವುದಿಲ್ಲ. ನಿಮ್ಮ ಟ್ಯಾಂಕಿನ ಅಂಕಿ ಸಿಕ್ಕಿದ ಮೇಲೆ ಅದನ್ನು ಟ್ಯಾಂಕ್ ಹಿಂಭಾಗದಲ್ಲೇ ಬರೆದು ಅಂಟಿಸಿ.

ಒಂದು ಎಚ್ಚರಿಕೆ. ನೀರೊಳಗೆ ಮುಳುಗಿರುವ ಪವರ್ ಫಿಲ್ಟರ್ ಇದ್ದರೆ ಅದು ತಿನ್ನುವ ಕರೆಂಟ್ ಕೊನೆಗೆ ಬಿಸಿಯಾಗಿ ನೀರಿಗೇ ಸೇರುತ್ತದೆ. ಅಂಥವರು ಅಳೆದ ಸೋರಿಕೆಗೆ ಫಿಲ್ಟರ್ ವಾಟ್ ಕೂಡಿಸಿ, ಆಮೇಲೆ ವ್ಯತ್ಯಾಸದಿಂದ ಭಾಗಿಸಬೇಕು. ತಿಂಗಳ ಹೀಟರ್ ಖರ್ಚು ತೆಗೆಯುವಾಗ ಮತ್ತೆ ಫಿಲ್ಟರ್ ವಾಟ್ ಕಳೆಯಬೇಕು. ನನ್ನ ಏರ್ ಪಂಪ್ ಹೊರಗಿರುವುದರಿಂದ ಈ ತಲೆನೋವಿಲ್ಲ.

ಒಂದು ಡಿಗ್ರಿಯ ಬೆಲೆ

6 ವಾಟ್ × 5 ರೂಪಾಯಿ = ತಿಂಗಳಿಗೆ 30 ರೂಪಾಯಿ. ನನ್ನ ಟ್ಯಾಂಕ್ ಅನ್ನು ಕೋಣೆಗಿಂತ ಒಂದು ಡಿಗ್ರಿ ಬೆಚ್ಚಗಿಡಲು ಆಗುವ ಖರ್ಚು ಇದು. ಕೋಣೆಯ ಸರಾಸರಿ 22, ನೀರು 26 ಆದರೆ 120 ರೂಪಾಯಿ. ಡಿಸ್ಕಸ್ ಮೀನಿಗಾಗಿ 29 ಇಡಬೇಕು ಅಂದರೆ 210. ಥರ್ಮಾಮೀಟರ್‌ನಲ್ಲಿ 26ಕ್ಕೂ 29ಕ್ಕೂ ವ್ಯತ್ಯಾಸ ಅಲ್ಪ ಅನ್ನಿಸುತ್ತದೆ, ಆದರೆ ಸೋರಿಕೆ 4 ಡಿಗ್ರಿಯಿಂದ 7 ಡಿಗ್ರಿಯದಾಗುತ್ತದೆ. ಹಾಗೆಯೇ 26ರ ಬದಲು 25 ಇಟ್ಟರೆ ಹೀಟರ್ ಖರ್ಚಿನಲ್ಲಿ ಕಾಲು ಭಾಗವೇ ಉಳಿಯಿತು. ಗಪ್ಪಿ, ನಿಯಾನ್ ಟೆಟ್ರಾಗಳಿಗೆ 24–25 ಧಾರಾಳ ಸಾಕು.

ಕೋಣೆಯ ಉಷ್ಣಾಂಶ ಅಂದರೆ ಹಗಲು ರಾತ್ರಿ ಸೇರಿದ ಸರಾಸರಿ. ಬೆಂಗಳೂರಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿ ಹೊರಗೆ 15–16ಕ್ಕೆ ಇಳಿದರೂ ಮನೆಯೊಳಗೆ ಅಷ್ಟು ಇಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಹೀಟರ್ ಹತ್ತುವುದೇ ಇಲ್ಲ. ಜುಲೈ–ಆಗಸ್ಟ್‌ನ ಮೋಡ ಮುಚ್ಚಿದ ದಿನಗಳಲ್ಲಿ ಮಾತ್ರ ಮತ್ತೆ ಆಗಾಗ ಹತ್ತುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಈ ಖರ್ಚು ಇಲ್ಲವೆಂದೇ ಹೇಳಬಹುದು.

ದೊಡ್ಡ ಟ್ಯಾಂಕ್ ಅಂದರೆ ಅದೇ ಪ್ರಮಾಣದಲ್ಲಿ ದೊಡ್ಡ ಖರ್ಚು ಅಂತಲೂ ಅಲ್ಲ. 120 × 45 × 45ರ ಟ್ಯಾಂಕಿನಲ್ಲಿ 243 ಲೀಟರ್, ನನ್ನದರ ನಾಲ್ಕೂವರೆ ಪಟ್ಟು ನೀರು. ಬಿಸಿ ಸೋರುವ ಮೈ ಮಾತ್ರ ಮೂರು ಪಟ್ಟಿಗಿಂತ ಕಡಿಮೆ.

ಮುಚ್ಚಳ, ಥರ್ಮಾಕೋಲ್

ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್‌ನಷ್ಟು ಶಾಖ ಬೇಕು. ಅದರಲ್ಲಿ ಬಹುಪಾಲು ಟ್ಯಾಂಕಿನ ನೀರಿನಿಂದಲೇ ಹೋಗುತ್ತದೆ. ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ ದಿನಕ್ಕೆ ಅರ್ಧ ಲೀಟರ್ ಆರಿದರೆ ತಿಂಗಳಿಗೆ ಹತ್ತು ಯೂನಿಟ್. ಗಾಜಿನ ಮುಚ್ಚಳದ ದುಡ್ಡು ಒಂದೆರಡು ಚಳಿಗಾಲದಲ್ಲಿ ವಾಪಸ್ ಬರುತ್ತದೆ. ಹಿಂಭಾಗ ಮತ್ತು ಎರಡು ಪಕ್ಕಗಳಿಗೆ ಥರ್ಮಾಕೋಲ್ ಹಚ್ಚಿದರೆ ಗಾಜಿನ ಗೋಡೆಯ ಮೂರರಲ್ಲಿ ಎರಡು ಭಾಗ ಮುಚ್ಚಿದಂತಾಯಿತು, ಮುಂದಿನಿಂದ ಮೀನು ಎಂದಿನಂತೆ ಕಾಣುತ್ತವೆ. ಹಚ್ಚಿದ ಮೇಲೆ ಮತ್ತೊಮ್ಮೆ ಸೋರಿಕೆ ಅಳೆಯಿರಿ.

ಗೃಹಜ್ಯೋತಿ ಇರುವ ಮನೆಗೆ ಲೆಕ್ಕವೇ ಬೇರೆ

ಚಳಿಗಾಲದ ಒಂದು ತಿಂಗಳಿಗೆ ನನ್ನ ಟ್ಯಾಂಕ್ 23 ಯೂನಿಟ್ (ಹೀಟರ್ 17.3, ಪಂಪ್ ಮತ್ತು ಲೈಟ್ 5.8), 160 ರೂಪಾಯಿ. ಬೇಸಿಗೆಯಲ್ಲಿ 40 ರೂಪಾಯಿ. ಹಳೆಯ ಟಿಪ್ಪಣಿಗಳಲ್ಲಿ ಸ್ಲ್ಯಾಬ್ ಲೆಕ್ಕ ಇರುತ್ತದೆ, ಅದನ್ನು ಬಿಟ್ಟುಬಿಡಿ. 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಎಲ್ಲ ಯೂನಿಟ್‌ಗೂ ಒಂದೇ ದರ.

ಗೃಹಜ್ಯೋತಿ ಫಲಾನುಭವಿಗಳು ಮಾತ್ರ ಎರಡು ಗೆರೆ ನೋಡಬೇಕು. ಮೊದಲನೆಯದು ನಿಮ್ಮ ಮನೆಗೆ ನಿಗದಿಯಾದ ಉಚಿತ ಯೂನಿಟ್. ಸಾಮಾನ್ಯವಾಗಿ ಅದು 2022–23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದ್ದು. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. ಎರಡನೆಯ ಗೆರೆ 200. ಅದನ್ನು ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಉಚಿತ ಮಿತಿ 150 ಇದ್ದು, 140 ಬಳಸುವ ಮನೆಗೆ ಮೀನಿನ 23 ಸೇರಿದರೆ 163. ಹದಿಮೂರು ಯೂನಿಟ್‌ಗೆ ನೂರು ರೂಪಾಯಿಯೊಳಗೆ ಮುಗಿಯಿತು. ಮಿತಿ 198 ಇದ್ದು 185 ಬಳಸುವ ಮನೆಗೆ ಅದೇ 23 ಸೇರಿದರೆ 208. ಮೂರು ಕಿಲೋವಾಟ್ ಸಂಪರ್ಕವಿದ್ದರೆ, 2025–26ರ ದರದಲ್ಲಿ ಕಿಲೋವಾಟ್‌ಗೆ 145ರಂತೆ ನಿಗದಿತ ಶುಲ್ಕವೂ ಸೇರಿ ಬಿಲ್ 1,800 ರೂಪಾಯಿ ಆಸುಪಾಸು! ಅದೇ ಟ್ಯಾಂಕ್, ಅದೇ ಮೀನು. 170 ಯೂನಿಟ್ ದಾಟುವ ಮನೆಯವರು ಹೀಟರ್ ಹಾಕುವ ಮೊದಲು ಡಿಸೆಂಬರ್, ಜನವರಿಯ ಹಳೆ ಬಿಲ್ ತೆಗೆದು ನೋಡಲೇಬೇಕು. ಗೀಸರ್ ಕೂಡ ಹೆಚ್ಚು ಓಡುವುದು ಅದೇ ತಿಂಗಳುಗಳಲ್ಲಿ.

ನೀರು

ವಾರಕ್ಕೆ ಕಾಲು ಭಾಗ ಬದಲಿಸಿದರೂ, ಆರಿದ್ದನ್ನು ತುಂಬಿಸಿದರೂ ತಿಂಗಳಿಗೆ 70 ಲೀಟರ್ ಸಾಕು. ಬೆಂಗಳೂರು ಜಲಮಂಡಳಿಯ ದರ 2025ರ ಏಪ್ರಿಲ್‌ವರೆಗೆ ಮೊದಲ 8,000 ಲೀಟರ್‌ಗೆ ಸಾವಿರಕ್ಕೆ 7 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಐವತ್ತು ಪೈಸೆ. ದರ ಏರಿದ ಮೇಲೂ ಪೈಸೆಯ ಮಾತೇ. ಟ್ಯಾಂಕರ್ ನೀರಾದರೆ 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ್ದು 5 ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂಪಾಯಿ. ಹಾಗೆ ನೋಡಿದರೂ ಏಳು ರೂಪಾಯಿ. ಬದಲಿಸಿದ ತಣ್ಣೀರನ್ನು ಬಿಸಿ ಮಾಡುವ ಖರ್ಚು ವಾರಕ್ಕೆ ಐವತ್ತು ಪೈಸೆಯನ್ನೂ ಮುಟ್ಟುವುದಿಲ್ಲ (14 × 4 × 1.163, ನೀವೇ ಮಾಡಿ ನೋಡಿ). ಆದ್ದರಿಂದ ಖರ್ಚಿನ ನೆಪ ಹೇಳಿ ನೀರು ಬದಲಿಸುವುದನ್ನು ಯಾರೂ ಮುಂದೂಡಬೇಡಿ. ತೆಗೆದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ.

ಹೀಟರ್ ಬೇಡದ ದಾರಿ

ಜೀಬ್ರಾ ಡ್ಯಾನಿಯೋ, ರೋಸಿ ಬಾರ್ಬ್ ನಮ್ಮ ಉಪಖಂಡದವೇ ಮೀನುಗಳು, 20–22 ಡಿಗ್ರಿಯಲ್ಲೂ ಚುರುಕಾಗಿ ಓಡಾಡಿಕೊಂಡಿರುತ್ತವೆ. ಬೆಂಗಳೂರು, ಮೈಸೂರಿನಲ್ಲಿ ಬಿಲ್ ಬಗ್ಗೆ ಚಿಂತೆ ಇರುವವರು ಇವನ್ನು ಇಟ್ಟರೆ ವರ್ಷವಿಡೀ ತಿಂಗಳಿಗೆ 40 ರೂಪಾಯಿಯಲ್ಲೇ ಮುಗಿಯುತ್ತದೆ. ಬೆಟ್ಟಾ, ಏಂಜೆಲ್, ಡಿಸ್ಕಸ್ ತರುವುದಾದರೆ ಹೀಟರ್ ಖರ್ಚನ್ನು ಮೀನಿನ ಊಟದ ಖರ್ಚಿನ ಜೊತೆಯಲ್ಲೇ ಬರೆದುಕೊಳ್ಳಿ. ಕರೆಂಟ್ ಹೋಗುವ ಊರುಗಳಲ್ಲಿ ಏರ್ ಪಂಪ್ ಮಾತ್ರ ಇನ್ವರ್ಟರ್ ಲೈನಿಗೆ ಕೊಡಿ. ಹೀಟರ್ ಅಲ್ಲಿ ಬೇಡ. ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಅಳೆದಿಟ್ಟಿದ್ದರೆ, ಎರಡು ಗಂಟೆ ಕರೆಂಟ್ ಇಲ್ಲದಿದ್ದಾಗ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವುದೂ ಮೊದಲೇ ಗೊತ್ತಿರುತ್ತದೆ.