ರಾಯಚೂರಿನ ಬಿಸಿಲಲ್ಲಿ ಕ್ರೆಸ್ಟೆಡ್ ಗೆಕ್ಕೊ: ಜೋಡಿ ಹಾಕುವ ಮುನ್ನ ಮೇ ತಿಂಗಳನ್ನು ನೆನೆಯಿರಿ

ಕ್ರೆಸ್ಟೆಡ್ ಗೆಕ್ಕೊ ನ್ಯೂ ಕ್ಯಾಲೆಡೋನಿಯಾ ದ್ವೀಪಗಳ ಹಲ್ಲಿ. ಅಳಿದೇ ಹೋಗಿದೆ ಎಂದುಕೊಂಡಿದ್ದ ಈ ಜೀವಿ 1994ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಇದಕ್ಕೆ ಹಿತವಾದ ಶಾಖ 22ರಿಂದ 26 ಡಿಗ್ರಿ. 28 ದಾಟಿದರೆ ಬಳಲುತ್ತದೆ, 30ರ ಮೇಲೆ ಹೆಚ್ಚು ಹೊತ್ತು ಇದ್ದರೆ ಜೀವಕ್ಕೇ ಅಪಾಯ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ದಾಟುವುದು ಮಾಮೂಲು. ಹಾಗಾಗಿ ಈ ಭಾಗದಲ್ಲಿ ಮರಿ ಮಾಡಿಸುವ ಲೆಕ್ಕ ಶುರುವಾಗಬೇಕಾದದ್ದು ಬೇಸಿಗೆಯಿಂದ.

ಒಮ್ಮೆ ಗಂಡಿನ ಜೊತೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಗಂಡನ್ನು ಬೇರೆ ಇಟ್ಟರೂ ಸುಮಾರು 30ರಿಂದ 45 ದಿನಕ್ಕೊಮ್ಮೆ ಎರಡೆರಡು ಮೊಟ್ಟೆ ಬರುತ್ತಲೇ ಇರುತ್ತವೆ. ಸಂಕ್ರಾಂತಿ ಹೊತ್ತಿಗೆ ಜೋಡಿ ಹಾಕಿದವರ ಮೊಟ್ಟೆ, ಮರಿ ಎಲ್ಲ ಸುಡುಬಿಸಿಲಿಗೇ ಸಿಗುತ್ತವೆ. ಶ್ರಾವಣದಲ್ಲಿ ಹಾಕಿ. ಹಗಲು ಎ.ಸಿ. ಆಗಲೂ ಬೇಕು, ಆದರೆ ರಾತ್ರಿ ನಿಭಾಯಿಸುವುದು ಸುಲಭ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೋಣೆ ತಾನಾಗಿ 18–20ಕ್ಕೆ ಇಳಿದಾಗ ಮೊಟ್ಟೆ ನಿಂತು ಹೆಣ್ಣಿಗೆ ವಿಶ್ರಾಂತಿ ಸಿಗುತ್ತದೆ. ಆ ವಿಶ್ರಾಂತಿ ಕೊಡದೆ ವರ್ಷವಿಡೀ ಮೊಟ್ಟೆ ಇಡಿಸುವುದು ಹೆಣ್ಣನ್ನು ಕೊಲ್ಲುವ ದಾರಿ.

ಹೆಣ್ಣಿಗೆ ಕನಿಷ್ಠ ಒಂದೂವರೆ ವರ್ಷ, 35 ಗ್ರಾಂ ತೂಕ ಇರಲೇಬೇಕು. ಅಡುಗೆಮನೆ ತಕ್ಕಡಿ ಸಾಲದು, 0.1 ಗ್ರಾಂ ತೋರಿಸುವುದು ಬೇಕು. ಬಾಯಿ ತೆರೆದಾಗ ಮೇಲಿನ ಅಂಗುಳಿನ ಎರಡೂ ಬದಿ ಬಿಳಿ ಉಬ್ಬು ಕಾಣಬೇಕು. ಅದು ಸುಣ್ಣದಂಶದ ಸಂಗ್ರಹ. ಉಬ್ಬು ಬತ್ತಿದ್ದರೆ ಜೋಡಿ ಹಾಕಬೇಡಿ. ಮೊಟ್ಟೆಯ ಚಿಪ್ಪಿಗೆ ಸುಣ್ಣ ಸಾಲದೆ ಮೂಳೆಯಿಂದ ಎಳೆಯುತ್ತದೆ, ದವಡೆ ಮೆತ್ತಗಾಗುತ್ತದೆ, ಕಾಲು ನಡುಗುತ್ತದೆ. ಹುಳುಗಳನ್ನು ಕ್ಯಾಲ್ಸಿಯಂ–ಡಿ3 ಪುಡಿಯಲ್ಲಿ ಹೊರಳಿಸಿ ಕೊಡಿ. ಸಿಂಧನೂರು ಕಡೆಯ ಭತ್ತದ ಗದ್ದೆಯಲ್ಲಿ ಹಿಡಿದ ಮಿಡತೆ ಬೇಡವೇ ಬೇಡ, ಅದರ ಮೈಮೇಲೆ ಔಷಧ ಇರುತ್ತದೆ.

ಮೊಟ್ಟೆ ಇಡಲು 10 ಸೆಂ.ಮೀ. ಆಳ ಒದ್ದೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಡಬ್ಬಿ ಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೊಟ್ಟೆ ಸಿಕ್ಕ ಕೂಡಲೇ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಒಂದೆರಡು ದಿನದ ಮೇಲೆ ಮೊಟ್ಟೆ ತಿರುಗಿದರೆ ಒಳಗಿನ ಭ್ರೂಣ ಸಾಯಬಹುದು. ಪರ್ಲೈಟ್ (ನೀರು ಹಿಡಿದಿಡುವ ಹಗುರ ಬಿಳಿ ಹರಳು), ನೀರು ಸಮ ತೂಕದಲ್ಲಿ ಕಲಸಿ, ಮುಚ್ಚಳಕ್ಕೆ ಎರಡು ಸೂಜಿತೂತು ಮಾಡಿದ ಡಬ್ಬಿಯಲ್ಲಿ ಅರ್ಧ ಹುದುಗಿಸಿ. ವಾರ ಕಳೆದು ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದರೆ ಕೆಂಪು ನರ ಕಂಡದ್ದು ಫಲಿತ, ಬರೀ ಹಳದಿ ಕಂಡದ್ದು ಬಹುತೇಕ ಜೊಳ್ಳು. 22–24 ಡಿಗ್ರಿಯಲ್ಲಿ ಎರಡರಿಂದ ಮೂರು ತಿಂಗಳು. ಶಾಖ ಹೆಚ್ಚಾದರೆ ಬೇಗ ಒಡೆಯುತ್ತದೆ, ಆದರೆ ಮರಿ ಸಣಕಲು. ಕಂಪ್ರೆಸರ್ ಇಲ್ಲದ ಸಣ್ಣ ಎಲೆಕ್ಟ್ರಾನಿಕ್ ಕೂಲರ್ ಪೆಟ್ಟಿಗೆ ನಂಬಬೇಡಿ: ಅದು ಕೋಣೆಯ ಶಾಖಕ್ಕಿಂತ ಒಂದಿಷ್ಟು ಕೆಳಗಿಳಿಸುತ್ತದೆ ಅಷ್ಟೇ, 40ರ ಕೋಣೆಯಲ್ಲಿ 24 ಸಿಗುವ ಖಾತ್ರಿಯಿಲ್ಲ.

ಕರೆಂಟ್ ಹೋದಾಗ ಮನೆಯ ಸಾಮಾನ್ಯ ಇನ್ವರ್ಟರ್‌ಗೆ ಎ.ಸಿ. ಓಡಿಸುವ ಶಕ್ತಿ ಇರುವುದಿಲ್ಲ. ಒಂದು ಲೀಟರಿನ ಎರಡು ಬಾಟಲಿ ನೀರು ಸದಾ ಫ್ರೀಜರಿನಲ್ಲಿರಲಿ. ದಪ್ಪ ಟವೆಲ್ ಸುತ್ತಿ ಥರ್ಮೊಕೋಲ್ ಪೆಟ್ಟಿಗೆಯ ಮೂಲೆಗಿಟ್ಟು, ಹಲ್ಲಿಯ ಡಬ್ಬಿ ಎದುರು ಮೂಲೆಗಿಡಿ. ಒಳಗೆ ಥರ್ಮಾಮೀಟರ್ ಇರಲಿ. ಗೂಡಿನೊಳಗೆ ಚಿಮುಕಿಸಲು ಬೋರ್ ನೀರು ಬೇಡ, ಗೂಡಿನ ಗಾಜಿನ ತುಂಬ ಬಿಳಿ ಕಲೆ ಕೂರುತ್ತದೆ. ಫೋಟೊಗೂ ಆ ಕಲೆ ಕಾಟ.

ಫೋಟೊಗೆ ಸಂಜೆ ದೀಪ ಹಚ್ಚಿದ ಮೇಲಿನ ಹೊತ್ತೇ ಒಳ್ಳೆಯದು. ಹಗಲು ಮಂಕಾಗಿ ಮಲಗಿದ ಹಲ್ಲಿ ರಾತ್ರಿ ಎಚ್ಚರಾದಾಗ ಬಣ್ಣ ಗಾಢವಾಗುತ್ತದೆ. ಮಾರಾಟಕ್ಕಾದರೆ ಎರಡೂ ಹೊತ್ತಿನ ಚಿತ್ರ ಹಾಕಿ, ಕೊಳ್ಳುವವರಿಗೆ ಅದು ನ್ಯಾಯ. ಇದಕ್ಕೆ ರೆಪ್ಪೆ ಮುಚ್ಚಲು ಬರುವುದಿಲ್ಲ, ನೇರ ಫ್ಲ್ಯಾಶ್ ಬೇಡ. ಎಲ್‌ಇಡಿ ಪ್ಯಾನೆಲ್‌ಗೆ ಟ್ರೇಸಿಂಗ್ ಪೇಪರ್ ಕಟ್ಟಿ ಒಂದು ಬದಿಯಿಂದ ಬೆಳಕು ಬಿಡಿ. ಹ್ಯಾಲೊಜನ್ ಹಚ್ಚಿದರೆ ಶಾಖ ಏರುತ್ತದೆ. 100 ಮಿ.ಮೀ. ಮ್ಯಾಕ್ರೊ (ತೀರ ಹತ್ತಿರದಿಂದ ತೆಗೆಯುವ) ಲೆನ್ಸ್, ಲೆನ್ಸಿನ ರಂಧ್ರ ಎಫ್/8, ಷಟರ್ ವೇಗ 1/160 ಸೆಕೆಂಡ್. ಬೆಳಕು ಸಾಲದಿದ್ದರೆ ಐಎಸ್ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) ಏರಿಸಿ, ಷಟರ್ ವೇಗ ಇಳಿಸಬೇಡಿ. ಫೋಕಸ್ ಕಣ್ಣಿನ ಮೇಲೆಯೇ. ಮೂತಿಯ ಮೇಲೆ ಕೂತರೆ ಕಣ್ಣಿನ ಮೇಲಿನ ರೆಪ್ಪೆಯಂಥ ಮುಳ್ಳುಸಾಲು ಮಸುಕಾಗುತ್ತದೆ. ಚಿತ್ರದ ಚೆಲುವು ಇರುವುದೇ ಅಲ್ಲಿ.

ಮೇಜಿನ ಮೇಲೆ ಬೇಡ, ನೆಲದ ಮೇಲೆ ಚಾದರ ಹಾಸಿ ತೆಗೆಯಿರಿ. ಇದು ಹೇಳದೆ ಜಿಗಿಯುತ್ತದೆ. ಹಿಡಿಯಲು ಹೋಗಿ ಬಾಲ ಸಿಕ್ಕರೆ ಕಳಚಿಕೊಳ್ಳುತ್ತದೆ. ಮನೆಹಲ್ಲಿಯಂತೆ ಇದಕ್ಕೆ ಬಾಲ ಮತ್ತೆ ಚಿಗುರುವುದಿಲ್ಲ. ಹತ್ತು ನಿಮಿಷದಲ್ಲಿ ಸಿಕ್ಕಷ್ಟು ತೆಗೆದು ವಾಪಸ್ ಬಿಡಿ.